ನೀರಿಲ್ಲದೆ ಓಡಿದ ಪಂಪು

ಕುರುಬರಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ ನನ್ನ ಪಂಪು ರಿಪೇರಿ ಅಂಗಡಿ ಇದೆ. ಸಂಪಿನ ಮೋಟಾರು, ಬೋರ್‌ವೆಲ್ ಮೋಟಾರು, ಟ್ಯಾಂಕರ್‌ನವರ ಪಂಪು, ಇಷ್ಟೇ ನನ್ನ ಲೋಕ. ನಮ್ಮ ಕಡೆ ನೀರು ನೆಲದೊಳಗಿಂದ ಬರುತ್ತದೆ, ಇಲ್ಲವೇ ಲಾರಿಯಲ್ಲಿ ಬರುತ್ತದೆ. ದೋಣಿಯ ಪಂಪಿಗೆ ಕೈ ಹಾಕುವ ದಿನ ಬರುತ್ತದೆಂದು ನಾನು ಎಣಿಸಿರಲಿಲ್ಲ. ಹಾಕಿದ್ದು ಒಂದೇ ಸಲ, ಅದೂ ನಮ್ಮ ಭಾವನಿಗಾಗಿ, ಅಂದರೆ ಅಕ್ಕನ ಗಂಡನಿಗಾಗಿ. ಅಕ್ಕನಿಗೆ ಓದುವ ಅಭ್ಯಾಸವಿಲ್ಲ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಭಾವ ಕೆಂಗೇರಿ ಕಡೆಯ ಒಂದು ಕೆರೆಯಲ್ಲಿ ಕಳೆ ತೆಗೆಯುವ ದೋಣಿ ಓಡಿಸುತ್ತಿದ್ದರು. ದೋಣಿ ಎಂದರೆ ಹುಟ್ಟು ಹಾಕುವ ದೋಣಿಯಲ್ಲ. ಮುಂದುಗಡೆ ಹಲ್ಲುಗಳಿರುವ ಅಗಲವಾದ ಪಟ್ಟಿ, ಹಿಂದೆ ಡೀಸೆಲ್ ಎಂಜಿನ್ನು, ನಡುವೆ ತೆರೆದ ಬೆನ್ನು. ಕೆರೆ ತುಂಬ ಹಬ್ಬಿದ ಅಂತರಗಂಗೆಯನ್ನು ಅದು ಕತ್ತರಿಸಿ, ಮೇಲೆಳೆದು, ಬೆನ್ನ ಮೇಲೆ ಹೇರಿಕೊಂಡು ದಡಕ್ಕೆ ಬಂದು ಸುರಿಯುತ್ತಿತ್ತು. ಭಾವ ಅದನ್ನು ‘ಎಮ್ಮೆ’ ಎನ್ನುತ್ತಿದ್ದರು. ಮಕ್ಕಳಿಲ್ಲದ ಮನೆ ಅವರದು. ಸಂಜೆ ಅವರು ಮನೆಗೆ ಬಂದರೆ ಅಕ್ಕ ಬಾಗಿಲಲ್ಲೇ ಕೇಳುತ್ತಿದ್ದಳು, “ಮೇಯಿಸ್ಕೊಂಡ್ ಬಂದ್ರಾ ನಿಮ್ ಎಮ್ಮೆನಾ? ಮೊದ್ಲು ಸ್ನಾನ ಮಾಡಿ, ಆಮೇಲೆ ಒಳಗೆ ಬನ್ನಿ.” ಕೆರೆಯ ವಾಸನೆ ಅಂಥದು. ಕೆರೆ ಅಂತ ಕರೆಯುವುದು ನಮ್ಮ ದೊಡ್ಡತನ, ಅದು ಅರ್ಧ ಊರಿನ ಮೋರಿ.

ಕಾರಿನ ಎಂಜಿನ್ನನ್ನು ತಂಪು ಮಾಡಲು ರೇಡಿಯೇಟರ್ ಇರುತ್ತದೆ. ದೋಣಿಗೆ ಕೆರೆಯೇ ರೇಡಿಯೇಟರು. ತಳದಲ್ಲೊಂದು ತೂತು, ಅಲ್ಲಿಂದ ನೀರನ್ನು ಎಳೆದು ಎಂಜಿನ್ನಿನ ಸುತ್ತ ಓಡಿಸಿ ಹೊರಗೆ ಉಗುಳುವುದಕ್ಕೆ ಒಂದು ಪುಟ್ಟ ಪಂಪು. ಅದರೊಳಗೆ ತಿರುಗುವುದು ರಬ್ಬರಿನ ಚಕ್ರ, ನಾವು ಇಂಪೆಲ್ಲರ್ ಎನ್ನುತ್ತೇವೆ. ಭಾವ ದಿನವೂ ಸಂಜೆ ಆ ತೂತಿನ ಜಾಲರಿಯನ್ನು ಬಿಚ್ಚಿ ತೊಳೆಯುತ್ತಿದ್ದರು. ಪ್ಲಾಸ್ಟಿಕ್ಕು, ತಲೆಗೂದಲು, ಗಣೇಶನ ಹಬ್ಬದ ಮೇಲಾದರೆ ಜರಿ, ದಾರ. ನಡುಕೆರೆಯಲ್ಲಿ ಎಂಜಿನ್ನು ಬಿಸಿಯಾದರೆ ಇನ್ನೊಂದು ಅಭ್ಯಾಸ ಇತ್ತು. ಆಫ್ ಮಾಡಿ, ಪಕ್ಕದ ಕಂಬಿ ಹಿಡಿದು ನೀರಿಗಿಳಿದು, ಕೈ ಚಾಚಿ ತೂತಿಗೆ ಅಂಟಿದ ಕಳೆ ಕಿತ್ತು ಮೇಲೆ ಬರುವುದು. ಅವರಿಗೆ ಈಜು ಬರುತ್ತಿತ್ತು. “ಹಾಗೆಲ್ಲ ಇಳೀಬೇಡಿ ಭಾವ” ಎಂದು ನಾನು ಹೇಳಿದ್ದುಂಟು. “ಎಮ್ಮೆ ಕೆಚ್ಚಲು ಮುಟ್ಟೋಕೆ ಹೆದರಿದ್ರೆ ಹಾಲು ಕರೆಯೋಕಾಗತ್ತೇನೋ” ಎಂದು ನಕ್ಕಿದ್ದರು.

ಆ ವರ್ಷ ಆಯುಧಪೂಜೆ ಆದ ಮೇಲೆ ಮಳೆ ಹಿಡಿಯಿತು. ದೋಣಿಯ ಕೆಲಸ ನಿಂತಿತು. ಮಳೆ ಬಿಟ್ಟ ಮೊದಲ ದಿನ, ನಾನು ಒಂದು ಅಪಾರ್ಟ್‌ಮೆಂಟಿನ ಸಂಪಿನೊಳಗೆ ಇಳಿದಿದ್ದೆ, ಅಕ್ಕನ ಫೋನು ಬಂತು. ಅವಳು ಅಳುತ್ತಿರಲಿಲ್ಲ.

“ಎಮ್ಮೆ ನಿಂತೋಯ್ತಂತೆ ಕಣೋ. ಇವ್ರು ನೀರಿಗೆ ಇಳಿದ್ರಂತೆ. ಮೇಲೆ ಬಂದಿಲ್ವಂತೆ.”

ನಾನು ಕೆರೆಗೆ ಹೋಗುವಷ್ಟರಲ್ಲಿ ಏರಿಯ ಮೇಲೆ ಜಾತ್ರೆಯಂತೆ ಜನ. ಎಲ್ಲರ ಕೈಯಲ್ಲೂ ಫೋನು, ಎಲ್ಲರೂ ಅದನ್ನು ನೀರಿನ ಕಡೆ ಹಿಡಿದಿದ್ದರು. ಒಬ್ಬನ ಫೋನು ಕಿತ್ತುಕೊಂಡು ಕೆರೆಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಬೈದೆ ಅಷ್ಟೆ. ಅಕ್ಕ ಏರಿಯ ಕಲ್ಲಿನ ಮೇಲೆ ಕೂತಿದ್ದಳು. ಚಪ್ಪಲಿ ಇಲ್ಲದೆ ಬಂದಿದ್ದಳು.

ದೋಣಿಯಲ್ಲಿ ಭಾವನ ಜೊತೆ ಇದ್ದವನು ಒಬ್ಬನೇ, ಬೆನ್ನ ಮೇಲೆ ಬಿದ್ದ ಕಳೆಯನ್ನು ಕೋಲಿನಿಂದ ಸರಿಸುವ ಕೆಲಸದವನು. ನನ್ನಷ್ಟೇ ವಯಸ್ಸು. ಈಜು ಬಾರದು. ನಡೆದದ್ದನ್ನು ಅವನು ಎಲ್ಲರಿಗೂ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದ.

“ಸ್ವಲ್ಪ ದೂರ ಹೋಗಿದ್ವಿ ಅಷ್ಟೇ ಅಣ್ಣ, ಎಂಜಿನ್ ಬಿಸಿ ತೋರ್ಸೋ ಕಾಟಾ ಕೆಂಪಿಗೆ ಹೋಯ್ತು. ಕಳೆ ಸಿಕ್ಕಿರ್ಬೇಕು ಅಂತ ಇಳಿದ್ರು. ಕೈ ಹಾಕಿ ನೋಡಿದ್ರು, ಎದ್ದು, ಏನೂ ಇಲ್ವಲ್ಲೋ ಅಂದ್ರು. ಇನ್ನೊಂದ್ಸಲ ನೋಡ್ತೀನಿ ಅಂತ ಪೂರ್ತಿ ಒಳಗೆ ಹೋದ್ರು. ಅಷ್ಟೇ. ನಾನು ಕೋಲು ಇಳಿಬಿಟ್ಟೆ, ಕೂಗ್ದೆ. ಎಲೆ ಎಲ್ಲಾ ಮತ್ತೆ ಮುಚ್ಕೊಂಡ್ಬಿಡ್ತು.”

ಅಂತರಗಂಗೆಯ ಬೇರು ಹೆಣ್ಣುಮಕ್ಕಳ ಜಡೆಯಷ್ಟು ಉದ್ದ ಇಳಿದಿರುತ್ತದೆ. ಅದರಡಿಗೆ ಹೋದವನಿಗೆ ಮೇಲಿನ ಬೆಳಕು ಕಾಣುವುದಿಲ್ಲ, ಎದ್ದ ಕಡೆಯೆಲ್ಲ ತಲೆಗೆ ಬೇರೇ ಸಿಗುತ್ತದೆ.

ರಕ್ಷಣಾ ತಂಡದವರು ರಬ್ಬರ್ ದೋಣಿ ತಂದಿದ್ದರು. ತೆರೆದ ನೀರಿದ್ದ ಕಡೆಯೆಲ್ಲ ಕೊಕ್ಕೆ ಹಾಕಿ ಹುಡುಕಿದರು. ಕಳೆ ದಟ್ಟವಾಗಿದ್ದ ಕಡೆ ಹುಟ್ಟು ಹಾಕಿದರೂ ದೋಣಿ ಮುಂದಕ್ಕೆ ಹೋಗಲಿಲ್ಲ. ಹಗ್ಗ ಎಸೆದು ಭಾವನ ದೋಣಿಯನ್ನೇನೋ, ಅದರಲ್ಲಿದ್ದ ಕೆಲಸದವನ ಸಮೇತ, ಆಗಲೇ ದಡಕ್ಕೆಳೆದು ತಂದಿದ್ದರು. ಅದು ಬಂದ ದಾರಿ ಅದರ ಹಿಂದೆಯೇ ಮುಚ್ಚಿಕೊಂಡಿತ್ತು, ಎಲ್ಲಿ ನಿಂತಿತ್ತೆಂಬ ಗುರುತೂ ಉಳಿದಿರಲಿಲ್ಲ. ಅವರ ಮುಖ್ಯಸ್ಥ ನೆಟ್ಟಗೆ ಹೇಳಿದ, “ಈ ಕಳೆ ತೆಗೀದೆ ನಮ್ ಕೈಲಿ ಏನೂ ಆಗಲ್ಲ ಸಾರ್. ಈ ಮಿಷನ್ ಓಡಿಸೋಕಾಗತ್ತಾ ನೋಡಿ.” ಕಳೆ ತೆಗೆಸುವ ಗುತ್ತಿಗೆದಾರನ ಇನ್ನೊಂದು ದೋಣಿ ಬೇರೆ ಜಿಲ್ಲೆಯಲ್ಲಿತ್ತು. ಅದನ್ನು ಬಿಚ್ಚಿ, ಕ್ರೇನಿನಲ್ಲಿ ಲಾರಿಗೆ ಹೇರಿ ತರಲು ವಾರವಾಗುತ್ತದೆಂದ. ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು, ಪಂಪಿನವನಲ್ಲವೇ ನಾನು.

ಅಷ್ಟರಲ್ಲಿ ಬಸವೇಶ್ವರನಗರದಿಂದ ನಮ್ಮ ಅಯ್ಯನವರು ಬಂದಿದ್ದರು. ನಮ್ಮೆರಡೂ ಮನೆಗಳ ಮದುವೆ, ಮಣ್ಣು ಎರಡನ್ನೂ ಮಾಡಿಸುವ ಹಿರಿಯರು ಅವರು. ಅಕ್ಕ ಅವರ ಕಾಲು ಹಿಡಿದು ಒಂದೇ ಮಾತು ಕೇಳಿದಳು. “ಕೂರಿಸೋಕೆ ಆಗತ್ತಾ ಅಯ್ಯನೋರೆ?”

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಹಣೆತುಂಬ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಪದ್ಮಾಸನದಲ್ಲಿ ಕೂರಿಸುತ್ತೇವೆ. ಅಂಗೈಯಲ್ಲಿ ಲಿಂಗ. ಬಂದವರೆಲ್ಲ ಎದುರಿಗೆ ನಿಂತು ಮುಖ ನೋಡಿ ಹೂವು ಹಾಕುತ್ತಾರೆ. ಹೊರುವಾಗಲೂ ಕೂತೇ ಹೋಗಬೇಕು, ಮಣ್ಣಿನಲ್ಲೂ ಕೂತೇ ಇರಬೇಕು. ನಮ್ಮಪ್ಪ ಹಾಗೇ ಹೋದರು, ಅವರ ಅಪ್ಪನೂ ಹಾಗೇ. ಮಲಗಿಸಿ ಕಳಿಸುವುದೆಂದರೆ ಯಾರೂ ಇಲ್ಲದವನನ್ನು ಕಳಿಸಿದಂತೆ ಅನ್ನುವ ಭಾವನೆ ನಮ್ಮ ಹೆಂಗಸರಲ್ಲಿ ಬಲವಾಗಿದೆ. ಭಾವ ಬದುಕಿಲ್ಲ ಎನ್ನುವುದು ಅಕ್ಕನಿಗೆ ಆಗಲೇ ಗೊತ್ತಾಗಿತ್ತು. ಅವಳು ಬೇಡುತ್ತಿದ್ದುದು ಇದೊಂದನ್ನೇ.

ಅಯ್ಯನವರು ಸುಳ್ಳು ಹೇಳುವವರಲ್ಲ. “ಬೇಗ ಸಿಕ್ಕಿದ್ರೆ ಕೂರಿಸಬಹುದು ತಾಯಿ. ನೀರಲ್ಲಿ ತಡ ಆದ್ರೆ ಮೈ ಊದ್ಕೊಳತ್ತೆ, ಕಾಲು ಮಡಚೋಕೆ ಬರಲ್ಲ” ಎಂದರು. ಅಕ್ಕ ನನ್ನ ಕಡೆ ತಿರುಗಿದಳು. “ಕೇಳಿಸ್ಕೊಂಡ್ಯಾ?” ಅಂದಳು.

ಮೊದಲು ನಾನು ದೋಣಿಯ ಅಡಿಗೆ ಕೈ ಹಾಕಿದೆ. ತೂತು ಸ್ವಚ್ಛವಾಗಿತ್ತು, ಜಾಲರಿಯಲ್ಲಿ ಒಂದು ಎಲೆಯೂ ಇರಲಿಲ್ಲ. ಭಾವ ಎರಡನೆಯ ಸಲ ಮುಳುಗಿದ್ದು ಅಲ್ಲಿ ಇಲ್ಲದ ಕಳೆಯನ್ನು ಹುಡುಕುವುದಕ್ಕೆ.

ಆಮೇಲೆ ಪಂಪಿನ ಮುಚ್ಚಳ ಬಿಚ್ಚಿದೆ. ಸುಟ್ಟ ರಬ್ಬರಿನ ವಾಸನೆ ಮುಖಕ್ಕೆ ಹೊಡೆಯಿತು. ಇಂಪೆಲ್ಲರಿನ ರೆಕ್ಕೆಗಳು ಅರ್ಧಕ್ಕರ್ಧ ಮುರಿದಿದ್ದವು, ಉಳಿದವು ಕರಗಿ ಬುಡಕ್ಕೆ ಅಂಟಿಕೊಂಡಿದ್ದವು. ಹಳತಾಗಿ ಸವೆದ ರಬ್ಬರು ಹೀಗಿರುವುದಿಲ್ಲ, ಅದು ಬಿರುಕು ಬಿಡುತ್ತದೆ. ಇದು ಬೆಂದದ್ದು. ಈ ರಬ್ಬರಿಗೆ ನೀರೇ ಎಣ್ಣೆ, ನೀರು ಸಿಗದೆ ತಿರುಗಿದರೆ ತನ್ನ ಬಿಸಿಯಲ್ಲಿ ತಾನೇ ಬೇಯುತ್ತದೆ. ಆದರೆ ದೋಣಿ ಇದ್ದದ್ದು ಕೆರೆಯಲ್ಲಿ. ಸುತ್ತ ನೀರಿರುವಾಗ ನೀರಿಲ್ಲದೆ ಓಡಿದ್ದು ಯಾವಾಗ? ನನಗೆ ತಲೆಬುಡ ಹೊಳೆಯಲಿಲ್ಲ.

ಮಾರನೆಯ ದಿನ ಬೆಳಗಿನಿಂದ ಸುತ್ತಿದೆ. ಮುರಿದ ಇಂಪೆಲ್ಲರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ರಾಜಾಜಿನಗರದ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ, ಲಗ್ಗೆರೆಯ ರಬ್ಬರ್ ಮೋಲ್ಡಿಂಗ್ ಶೆಡ್ಡುಗಳು, ಒಂದನ್ನೂ ಬಿಡಲಿಲ್ಲ. “ಏನ್ ಸಾರ್ ಇದು, ಮಿಕ್ಸಿದಾ?” ಎಂದ ಒಬ್ಬ. ಅಚ್ಚು ಮಾಡಿಸಿ ಎರಕ ಹೊಯ್ಯಲು ನಾಲ್ಕೈದು ದಿನ ಬೇಕೆಂದ ಇನ್ನೊಬ್ಬ. ಔಷಧಿ ಹೊಡೆಯುವ ಬ್ಯಾಟರಿ ಪಂಪು ತಂದು, ಪೈಪು ಜೋಡಿಸಿ, ಅದರಿಂದಲೇ ಎಂಜಿನ್ನಿಗೆ ನೀರು ಕುಡಿಸಿ ನೋಡಿದೆ. ದಡ ಬಿಡುವ ಮೊದಲೇ ಕಾಟಾ ಕೆಂಪಿಗೆ ಹೋಯಿತು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನಾನು ಕೆಲಸ ಮಾಡುವಷ್ಟು ಹೊತ್ತೂ ಅಕ್ಕ ಏರಿಯ ಮೇಲಿಂದ ನನ್ನ ಕೈಯನ್ನೇ ನೋಡುತ್ತಿದ್ದಳು. ಬಿಸಿಲು ಚುರುಗುಟ್ಟುತ್ತಿತ್ತು. ಮೋಡ ಬರಲಿ ಎಂದು ಬೇಡಿಕೊಂಡೆ, ತಂಪಿದ್ದರೆ ಮೈ ಬೇಗ ಕೆಡುವುದಿಲ್ಲವಲ್ಲ ಎಂದು. ಅಂಥದನ್ನೆಲ್ಲ ಯೋಚಿಸಬೇಕಾಗಿ ಬಂದದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು.

ಮಧ್ಯಾಹ್ನ ಕಳೆದ ಮೇಲೆ, ಅವರಿವರ ಕೈಕಾಲು ಹಿಡಿದು, ಮಂಗಳೂರಿನ ಬಂದರಿನಲ್ಲಿ ದೋಣಿಯ ಬಿಡಿಭಾಗ ಮಾರುವ ಒಂದು ಅಂಗಡಿಯ ಫೋನು ನಂಬರು ಸಿಕ್ಕಿತು. ಇಂಪೆಲ್ಲರಿನ ಫೋಟೋ ಕಳಿಸಿದೆ. ಅಂಗಡಿಯವರು ತಕ್ಷಣ ಫೋನು ಮಾಡಿದರು.

“ಇದು ಉಂಟು ಮಾರಾಯ್ರೆ, ಬೇಕಾದಷ್ಟು ಉಂಟು. ರಾತ್ರಿ ಬಸ್ಸಿಗೆ ಹಾಕ್ತೇನೆ. ಅಲ್ಲ, ನೀವು ಇದನ್ನು ನೀರಿಲ್ಲದೆ ಓಡಿಸಿದ್ದಾ?”

“ಇಲ್ಲ ಸಾರ್, ದೋಣಿ ಯಾವಾಗ್ಲೂ ಕೆರೇಲೇ ಇರತ್ತೆ.”

“ಹಾಗಾದ್ರೆ ಹೀಗೆ ಆಗುದಿಲ್ಲ. ಯಾರೋ ದಡದ ಮೇಲೆ ಸ್ಟಾರ್ಟ್ ಮಾಡಿದ್ದಾರೆ. ಒಂದು ನಿಮಿಷ ಓಡಿದ್ರೆ ಸಾಕು, ಸತ್ತು ಹೋಗ್ತದೆ. ಮುರಿದ ಚೂರೆಲ್ಲ ಪೈಪಿನಲ್ಲಿ ಇರ್ತದೆ, ಹುಡುಕಿ ತೆಗೀರಿ. ಇಲ್ಲದಿದ್ರೆ ಹೊಸದು ಹಾಕಿದ್ರೂ ಬಿಸಿ ಆಗ್ತದೆ.”

ಅದು ಒಳ್ಳೆಯ ಮಾತು. ಪೈಪುಗಳನ್ನೆಲ್ಲ ಕಳಚಿ, ತಂತಿ ತೂರಿಸಿ, ರಬ್ಬರಿನ ಚೂರುಗಳನ್ನು ಒಂದೊಂದಾಗಿ ಎಳೆದು ತೆಗೆದೆ. ಮುರಿದ ರೆಕ್ಕೆಗೆ ಜೋಡಿಸಿ ಜೋಡಿಸಿ, ಎಲ್ಲವೂ ಸಿಕ್ಕಿತೆಂದು ಖಾತ್ರಿ ಮಾಡಿಕೊಂಡೆ. ಹೊತ್ತು ಇಳಿಯುತ್ತಿತ್ತು. ಹುಡುಕುವವರು ಆ ದಿನದ ಮಟ್ಟಿಗೆ ನಿಲ್ಲಿಸಿದರು. ಜನರೂ ಚದುರಿದರು. ಅಕ್ಕ ಏರಿ ಇಳಿದು ಬಂದು ನನ್ನ ಪಕ್ಕ ಕೂತಳು. ಏನಾದರೂ ತಿಂದೆಯಾ ಎಂದು ಕೇಳಿದೆ. ಎಂಜಿನ್ನಿನ ಮೇಲೆ ಅವಳೇ ಎಳೆದಿದ್ದ ವಿಭೂತಿಯ ಮೂರು ಗೆರೆಗಳನ್ನು ನೋಡುತ್ತ ಬೇರೆಯೇ ಮಾತು ತೆಗೆದಳು.

“ಆಯುಧಪೂಜೆ ದಿನ ನೀನು ಬರಬೇಕಿತ್ತು. ನಿನ್ನ ಅಂಗಡಿ ಪೂಜೆ ನಿನಗೆ. ಎಷ್ಟು ಚೆನ್ನಾಗಿತ್ತು ಗೊತ್ತಾ? ನೀರಲ್ಲಿದ್ರೆ ಬಾಳೆಕಂದು ಎಲ್ಲಿ ಕಟ್ಟೋದು, ಕುಂಬಳಕಾಯಿ ಎಲ್ಲಿ ಒಡೆಯೋದು ಅಂತ ನಾನೇ ಹೇಳಿ ಮೇಲಕ್ಕೆ ಎಳೆಸಿದ್ದೆ. ತೊಳೆದು, ಹೂವು ಹಾಕಿ, ಮದುಮಗಳ ಥರ ಮಾಡಿದ್ವಿ. ಚಕ್ರ ಇಲ್ವಲ್ಲ, ನಿಂಬೆಹಣ್ಣು ತುಳಿಸೋಕಾಗಲ್ಲ. ಸ್ಟಾರ್ಟಾದ್ರೂ ಮಾಡಿ ಅಂದೆ. ಮಾಡಿದ್ರು. ಸ್ವಲ್ಪ ಹೊತ್ತಿಗೇ ನಿಲ್ಲಿಸೋಕೆ ಹೋದ್ರು. ಮಂಗಳಾರತಿ ಆಗೋ ಮುಂಚೆ ನಿಲ್ಲಿಸಬಾರದು, ಅಪಶಕುನ, ನಿಲ್ಲಿಸ್ಬೇಡಿ ಅಂತ ಕೈ ಹಿಡ್ಕೊಂಡೆ. ಆರತಿ ಮುಗಿಯೋವರೆಗೂ ಓಡ್ತು. ಅಷ್ಟು ಚೆನ್ನಾಗಿದ್ದ ಎಂಜಿನ್ನು ಕಣೋ. ಇವರು ಏನೋ ಕೆಟ್ಟ ಡೀಸೆಲ್ ಹಾಕ್ಸಿರ್ಬೇಕು.”

ಮತ್ತೆ ಜೋಡಿಸುತ್ತಿದ್ದ ಪೈಪನ್ನು ಕೆಳಗಿಟ್ಟೆ. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. ನಾವೆಲ್ಲ ಮಾಡುವುದು ಅದನ್ನೇ ತಾನೆ? ಸ್ಕೂಟರು, ಆಟೋ, ಲಾರಿ, ಲೇತು, ಆ ದಿನ ಯಾವುದನ್ನು ಸ್ಟಾರ್ಟ್ ಮಾಡದೆ ಬಿಟ್ಟಿದ್ದೇವೆ? ನನ್ನ ಅಂಗಡಿಯಲ್ಲಿ ನಾನೂ ಗ್ರೈಂಡರಿಗೆ ಕುಂಕುಮವಿಟ್ಟು ತಿರುಗಿಸಿದ್ದೆ. ಸಮುದ್ರದ ಊರಿನವರಾಗಿದ್ದರೆ ಯಾರಾದರೊಬ್ಬರು ತಡೆಯುತ್ತಿದ್ದರೇನೋ. ನಮಗೆ ಎಂಜಿನ್ನೆಂದರೆ ನೆಲದ ಮೇಲೆ ನಿಂತು ಗುಡುಗುವ ವಸ್ತು. ಅಕ್ಕ ಗಂಡನ ಒಳ್ಳೆಯದಕ್ಕೆ ಕೈ ಮುಗಿದು ನಿಂತಿದ್ದಾಗ ಈ ಪುಟ್ಟ ಡಬ್ಬಿಯೊಳಗೆ ರಬ್ಬರು ಬೇಯುತ್ತಿತ್ತು. ಭಾವನಿಗೂ ಅದು ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ತೂತಿಗೆ ಕೈ ಹಾಕಲು ಇಳಿಯುತ್ತಿರಲಿಲ್ಲ.

“ಡೀಸೆಲ್ಲೇ ಇರ್ಬೇಕು” ಎಂದೆ.

ಮರುದಿನ ಬೆಳಕು ಹರಿಯುವಾಗ ಗೊರಗುಂಟೆಪಾಳ್ಯದಲ್ಲಿ ಮಂಗಳೂರು ಬಸ್ಸಿನಿಂದ ಪಾರ್ಸಲ್ ಇಳಿಸಿಕೊಂಡೆ. ಅಂಗೈಯಗಲದ ರಬ್ಬರು, ಮೆತ್ತಗೆ, ಹೊಸ ಚಪ್ಪಲಿಯ ವಾಸನೆ. ಅದಕ್ಕೆ ಸೋಪಿನ ನೀರು ಸವರಿ, ರೆಕ್ಕೆಗಳನ್ನೆಲ್ಲ ಒಂದೇ ಕಡೆಗೆ ಬಾಗಿಸಿ ತಿರುಗಿಸುತ್ತ ಒಳಗೆ ಕೂರಿಸಿದೆ. ಹೊಸ ಪ್ಯಾಕಿಂಗು ಇಟ್ಟು ಮುಚ್ಚಳ ಬಿಗಿದೆ. ದೋಣಿಯನ್ನು ನೀರಿಗೆ ತಳ್ಳಿಸಿದ ಮೇಲೆಯೇ ಸ್ಟಾರ್ಟ್ ಮಾಡಿಸಿದೆ. ಪಕ್ಕದ ಕೊಳವೆಯಿಂದ ನೀರು ಚಿಮ್ಮಿತು. ಕಾಟಾ ಅಲುಗಲಿಲ್ಲ. ಏರಿಯ ಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಅವರ ವಂಶಕ್ಕೆ ಬೆಂಕಿ ಬೀಳಲಿ ಎನಿಸಿತು.

ಗುತ್ತಿಗೆದಾರ ಕಳಿಸಿದ ಬೇರೊಬ್ಬ ಡ್ರೈವರು ಓಡಿಸಿದ, ನಾನು ಪಂಪಿನ ಪಕ್ಕ ಕೂತೆ. ಮುಂದೆ ರಕ್ಷಣಾ ತಂಡದವನೊಬ್ಬ ಕೋಲು ಹಿಡಿದು ನಿಂತ, ಪಟ್ಟಿಯ ಹಲ್ಲು ಮೈಗೆ ತಾಗಬಾರದೆಂದು. ಒಂದೊಂದು ಮೊಳ ಕಳೆ ಎತ್ತುವುದು, ನಿಲ್ಲಿಸುವುದು, ನೋಡುವುದು. ಬಿಸಿಲು ನೆತ್ತಿಗೆ ಬಂದಾಗ ಅವನು ಕೈ ಎತ್ತಿದ. ಭಾವ ಕಳೆಯ ಅಡಿಯಲ್ಲಿದ್ದರು, ಬೇರುಗಳಿಗೆ ಬೆನ್ನು ಕೊಟ್ಟು, ಮುಖ ಕೆಳಗೆ ಮಾಡಿಕೊಂಡು. ಕೊರಳಿನ ಶಿವದಾರ ಹಾಗೇ ಇತ್ತು. ಉಳಿದದ್ದನ್ನು ಬರೆಯುವುದಿಲ್ಲ. ಮೂರನೆಯ ದಿನದ ಬಿಸಿಲು ಎಂದರೆ ಸಾಕು.

ಆಸ್ಪತ್ರೆಯಿಂದ ಕೊಟ್ಟಾಗ ಪೂರ್ತಿ ಬಟ್ಟೆ ಸುತ್ತಿದ್ದರು. ಅಯ್ಯನವರು ಮುಖದ ಬಟ್ಟೆ ಸ್ವಲ್ಪ ಸರಿಸಿ ನೋಡಿ, ಮತ್ತೆ ಮುಚ್ಚಿದರು. ಮೊಣಕಾಲ ಮೇಲೆ ಕೈಯಿಟ್ಟು ಒತ್ತಿ ನೋಡಿದರು. ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದರು. ಮನೆಗೆ ತರುವುದೂ ಬೇಡ, ನೇರ ರುದ್ರಭೂಮಿಗೇ ಹೋಗೋಣ ಎಂದರು.

ಅಲ್ಲಿ ಗುಂಡಿಯನ್ನು ಉದ್ದಕ್ಕೆ ತೋಡಿದ್ದರು. ಅಕ್ಕ ಅದನ್ನು ನೋಡಿದ ಕೂಡಲೇ ತಿಳಿದುಕೊಂಡಳು.

“ಮಲಗಿಸ್ಬೇಡಿ. ಮಲಗಿಸ್ಬೇಡಿ ಅಯ್ಯನೋರೆ. ಅವ್ರು ಒಂದಿನಾನೂ ಹಗಲು ಹೊತ್ತು ಮಲಗಿದವರಲ್ಲ.”

“ಶಿವನಿಗೆ ಎಲ್ಲಾ ಒಂದೇ ತಾಯಿ” ಎಂದರು ಅಯ್ಯನವರು. ಲಿಂಗವನ್ನು ಬಟ್ಟೆಯ ಮೇಲೇ ಇಟ್ಟರು, ಕೈ ಬಿಡಿಸಲು ಆಗಲಿಲ್ಲ. ಬಿಲ್ವಪತ್ರೆ ಹಾಕಿದರು, ವಿಭೂತಿ ಚೆಲ್ಲಿದರು. ಮುಖ ನೋಡದೆಯೇ ಎಲ್ಲರೂ ಮಣ್ಣು ಹಾಕಿದರು.

ಎಲ್ಲ ಮುಗಿದ ಮೇಲೆ ಅಕ್ಕ ನನ್ನ ಹತ್ತಿರ ಬಂದಳು. ಕಣ್ಣು ಒಣಗಿತ್ತು.

“ನಿನ್ನೆನೇ ಸಿಕ್ಕಿದ್ರೆ ಕೂರಿಸಬಹುದಿತ್ತಂತೆ. ಅಯ್ಯನೋರನ್ನ ಕೇಳ್ದೆ.”

“ಹೂಂ ಅಕ್ಕ.”

“ಹುಡುಗನಾಗಿದ್ದಾಗಿಂದ ನೀನು ಮಾಡ್ತಿರೋದು ಪಂಪು ರಿಪೇರಿ. ಊರೋರ ಮನೆ ಪಂಪೆಲ್ಲ ಗಂಟೇಲಿ ಮಾಡ್ಕೊಡ್ತೀಯ. ನಮ್ದಕ್ಕೆ ಇಷ್ಟು ಹೊತ್ತು ಯಾಕಾಯ್ತು? ಏನಾಗಿತ್ತು ಅದಕ್ಕೆ?”

ಹೇಳಿದ್ದರೆ ಒಂದೇ ಮಾತು. ಆ ಮಾತು ಕೇಳಿದ ಮೇಲೆ ಅವಳು ಎಷ್ಟು ದಿನ ಇರುತ್ತಿದ್ದಳು ಎಂದು ನನಗೆ ಗೊತ್ತಿಲ್ಲ. ಆರತಿ ತಟ್ಟೆ ಹಿಡಿದ ಕೈಯನ್ನು ಅವಳು ಜೀವಮಾನವಿಡೀ ನೋಡಿಕೊಳ್ಳಬೇಕಾಗುತ್ತಿತ್ತು.

“ಏನೂ ಆಗಿರ್ಲಿಲ್ಲ ಅಕ್ಕ” ಎಂದೆ. “ಸಣ್ಣ ರಿಪೇರಿ. ದೋಣಿ ಪಂಪು ನನಗೆ ಬರಲ್ಲ. ಗೊತ್ತಾಗದೆ ನಾನೇ ತಡ ಮಾಡ್ಬಿಟ್ಟೆ.”

ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಸೆರಗು ಹೊದ್ದುಕೊಂಡು ಗೇಟಿನ ಕಡೆ ನಡೆದಳು. ಅವಳ ಹಿಂದೆ ಹೋಗುವ ಧೈರ್ಯ ನನಗಾಗಲಿಲ್ಲ.

ಆಮೇಲೆ ಅವಳು ನಮ್ಮ ಮನೆಗೆ ಬಂದಿಲ್ಲ. ತಿಂಗಳಿಗೊಮ್ಮೆ ನಾನೇ ಹೋಗುತ್ತೇನೆ. ಬಾಗಿಲು ತೆಗೆಯುತ್ತಾಳೆ, ಒಂದು ಲೋಟ ನೀರು ತಂದು ಮುಂದಿಡುತ್ತಾಳೆ, ಒಳಗೆ ಹೋಗುತ್ತಾಳೆ. ತಮ್ಮನಿಂದಲೇ ಅವರು ಮಲಗಿ ಹೋದರು ಎಂದು ಓಣಿಯವರ ಮುಂದೆ ಹೇಳುತ್ತಾಳಂತೆ. ಹೇಳಿಕೊಳ್ಳಲಿ. ಸಂಕಟವಾಗುವುದಿಲ್ಲ ಎಂದರೆ ಸುಳ್ಳು, ಮನೆಗೆ ಬಂದು ಅತ್ತಿದ್ದೇನೆ. ಆದರೂ ಆ ಸಿಟ್ಟು ನನ್ನ ಮೇಲೇ ಇರಲಿ, ಅವಳಿಗೆ ಅವಳ ಮೇಲೆ ಬರುವುದು ಬೇಡ. ನೀರು ಕುಡಿದು, ಲೋಟ ತೊಳೆದಿಟ್ಟು, ಬರ್ತೀನಿ ಅಕ್ಕ ಎಂದು ಬಾಗಿಲು ಎಳೆದುಕೊಂಡು ಬರುತ್ತೇನೆ.